ಹೊಸ ಏರ್ ರೈಫಲ್‌ಗೆ ಸ್ಕೋಪ್ ಕೂರಿಸುವಷ್ಟರಲ್ಲಿ

ರೈಫಲ್ ಕೊಳ್ಳುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಅದರ ಮೇಲೆ ಸರಿಯಾದ ಸ್ಕೋಪ್, ಅಂದರೆ ಗುರಿ ನೋಡುವ ದೂರದರ್ಶಕ, ಕೂರುವುದಕ್ಕೆ ಸಂಕ್ರಾಂತಿಯಿಂದ ಹಿಡಿದು ಯುಗಾದಿ ದಾಟಬೇಕಾಯಿತು. ಅಷ್ಟು ಕಾಲ ನಾನು ಹುಡುಕಿದ ಮಾಹಿತಿ ಕನ್ನಡದಲ್ಲಿ ಒಂದೆಡೆ ಎಲ್ಲೂ ಸಿಗಲಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರ, ಮೈಸೂರು ಕಡೆ ಈಗ ಬಹಳ ಜನ ಸ್ಪ್ರಿಂಗ್ ಏರ್ ರೈಫಲ್ ಕೊಳ್ಳುತ್ತಿದ್ದಾರೆ. ಅಂಗಡಿಯಲ್ಲಿ ಎಲ್ಲರಿಗೂ ಹೇಳುವುದು ಒಂದೇ ಮಾತು: "ಯಾವ ಸ್ಕೋಪ್ ಹಾಕಿದರೂ ಆಗುತ್ತೆ ಸಾರ್." ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದನ್ನು ನಾನು ಕಂಡುಕೊಂಡ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನನ್ನದು ನಮ್ಮ ದೇಶದಲ್ಲೇ ತಯಾರಾದ, ನಳಿಗೆ ಮಡಚಿ ಚರೆ ತುಂಬುವ ಬ್ರೇಕ್ ಬ್ಯಾರೆಲ್ ರೈಫಲ್, .177 ಇಂಚು ಅಂದರೆ 4.5 ಮಿ.ಮೀ. ಬೋರಿನದು (ಬೋರ್ ಅಂದರೆ ನಳಿಗೆಯ ಒಳ ಅಗಲ). 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ 4.5 ಮಿ.ಮೀ. ಮೀರದ, ನಳಿಗೆಯ ತುದಿಯಲ್ಲಿ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಹಾಗಾಗಿ ".22 ಕೊಡ್ತೀನಿ, ಇನ್ನೂ ಜೋರಾಗಿ ಹೊಡೆಯುತ್ತೆ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಲೆಕ್ಕ ನೀವೇ ಹಾಕಬಹುದು: 8.44 ಗ್ರೇನ್, ಅಂದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತೂಕದ ಚರೆ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಹತ್ತಿರಹತ್ತಿರ 16 ಜೂಲ್. ಅಂಗಡಿಯಲ್ಲಿ ಆಧಾರ್ ಪ್ರತಿ ತೆಗೆದುಕೊಂಡು, ಬೋರ್ ಮತ್ತು ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೊಟ್ಟರು. ಆ ಬಿಲ್ಲನ್ನು ಲ್ಯಾಮಿನೇಟ್ ಮಾಡಿಸಿ ರೈಫಲ್ ಚೀಲದಲ್ಲೇ ಇಟ್ಟೆ. ಮುಂದೆ ಅದೇ ನನ್ನ ಕೈಹಿಡಿಯಿತು.

ರೈಫಲ್ ಜೊತೆಗೆ ಒಂದು 4×20 (4 ಪಟ್ಟು ಹಿಗ್ಗಿಸುವ, 20 ಮಿ.ಮೀ. ಮುಂಗಾಜಿನ) ಸ್ಕೋಪ್ ಉಚಿತವಾಗಿ ಬಂದಿತ್ತು. ಪಂಪ್‌ಹೌಸ್ ಹಿಂದೆ, ಕಬ್ಬು ಕಟಾವಾದ ಗದ್ದೆಯ ಅಂಚಿನಲ್ಲಿ ಮರಳು ತುಂಬಿದ ಗೋಣಿಚೀಲಗಳನ್ನು ಎದೆಮಟ್ಟಕ್ಕೆ ಪೇರಿಸಿ, ಅದರ ಹಿಂದೆ ಏರಿಯ ಮಣ್ಣು ಇರುವಂತೆ ನೋಡಿಕೊಂಡು ಗುರಿಹಲಗೆ ನಿಲ್ಲಿಸಿದೆ. ಹತ್ತು ಮೀಟರಿನಲ್ಲಿ ನೋಡಿದರೆ ಗುರಿ ಮಂಜುಮಂಜು. ತಲೆಯನ್ನು ಒಂದಿಷ್ಟು ಅಲುಗಿಸಿದರೆ ಸಾಕು, ಕ್ರಾಸ್‌ಹೇರ್, ಅಂದರೆ ಗುರಿ ಹಿಡಿಯುವ ಅಡ್ಡಗೆರೆ ನಿಲುಗೆರೆ, ಗುರಿಯ ಮೇಲೆ ಅತ್ತಿತ್ತ ಜಾರುತ್ತಿತ್ತು. ಮೊದಲ ಡಬ್ಬಿ ಚರೆ ಮುಗಿಯುವಷ್ಟರಲ್ಲಿ ಇನ್ನೊಂದು ವಿಚಿತ್ರ: ನಿನ್ನೆ ಸರಿಯಾಗಿ ಕೂರಿಸಿದ ಗುರಿ ಇವತ್ತು ಎರಡು ಬೆರಳು ಬಲಕ್ಕೆ. ಒಂದು ಸಂಜೆ ಕಣ್ಣಿಟ್ಟು ನೋಡಿದರೆ ಅಡ್ಡಗೆರೆ ವಾಲಿಕೊಂಡಿದೆ. ಸ್ಕೋಪಿನ ಒಳಗಿನ ರೆಟಿಕಲ್, ಅಂದರೆ ಈ ಗೆರೆಗಳಿರುವ ಭಾಗ, ತನ್ನ ಜಾಗದಿಂದಲೇ ಕಿತ್ತು ಬಂದಿತ್ತು. ಹೊಟ್ಟೆ ಉರಿಯಿತು. ಕೊಟ್ಟವರನ್ನು ಕೇಳಿದರೆ, ಉಚಿತ ವಸ್ತುವಿಗೆ ವಾರಂಟಿ ಇಲ್ಲ ಅಂದರು.

ಇದು ಆ ಒಂದು ಸ್ಕೋಪಿನ ದೋಷ ಮಾತ್ರ ಅಂದುಕೊಳ್ಳಬೇಡಿ. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಸಿಲಿಂಡರಿನ ತುದಿಗೆ ಹೋಗಿ ಗಕ್ಕನೆ ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಸಿಡಿಮದ್ದಿನ ಬಂದೂಕಿಗಾಗಿ ಮಾಡಿದ ಸ್ಕೋಪ್ ಹಿಂದಿನ ಒದೆತವನ್ನು ತಡೆಯುವಂತೆ ತಯಾರಾಗಿರುತ್ತದೆ. ಮುಂದಕ್ಕೆ ಬರುವ ಈ ಎರಡನೇ ಒದೆತವನ್ನು ತಾಳುವ ವ್ಯವಸ್ಥೆ ಅದರಲ್ಲಿ ಇರಲೇಬೇಕೆಂದಿಲ್ಲ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳುವ ಸ್ಕೋಪ್ ಏರ್‌ಗನ್ ಮೇಲೆ ಒಡೆದುಹೋಗುವುದು ಇದಕ್ಕೇ. ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಗಾಳಿ ತುಂಬಿಸಿ ಹೊಡೆಯುವ ರೈಫಲ್ ನಿಮ್ಮದಾದರೆ ಈ ತಲೆನೋವಿಲ್ಲ, ಅದಕ್ಕೆ ಒದೆತ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಹೊಸ ಸ್ಕೋಪ್ ಹುಡುಕಿಕೊಂಡು ಮೈಸೂರಿಗೆ ಹೋದೆ. ಮೌಂಟ್, ಅಂದರೆ ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ಭಾಗ, ಹೊಂದುತ್ತದೋ ಇಲ್ಲವೋ ನೋಡಬೇಕಿತ್ತು, ಹಾಗಾಗಿ ರೈಫಲ್ ಜೊತೆಗಿತ್ತು. ಮಂಡ್ಯದಲ್ಲಿ ಬಸ್ ಹತ್ತಿದಾಗ ಉದ್ದನೆಯ ಚೀಲ ನೋಡಿ ಕಂಡಕ್ಟರ್ ಕೇಳಿದರು. ಚೀಲ ಬಿಚ್ಚದೆ ಬಿಲ್ ತೋರಿಸಿದೆ. ಓದಿ ನೋಡಿ, ಸೀಟಿನ ಕೆಳಗೆ ಇಡಿ ಅಂದರು. ಅಕ್ಕಪಕ್ಕದವರ ಮುಖದಲ್ಲಿದ್ದ ಆತಂಕ ಶ್ರೀರಂಗಪಟ್ಟಣದ ತನಕ ಹಾಗೇ ಇತ್ತು. ಮುಂದಿನ ಸಲದಿಂದ ಗೆಳೆಯನ ಕಾರಿನಲ್ಲೇ ಹೋದೆ. ನೀವೂ ಸಾಧ್ಯವಾದರೆ ಹಾಗೇ ಮಾಡಿ, ಚೀಲಕ್ಕೊಂದು ಬೀಗ ಹಾಕಿ.

ಮೈಸೂರಿನ ಅಂಗಡಿಯೊಂದರಲ್ಲಿ ನನ್ನ ಮುಂದೆ ಇಟ್ಟದ್ದು 6-24×50 ಸ್ಕೋಪ್. ನೋಡಲು ಭಾರಿ. ಕೆಂಪು ಹಸಿರು ದೀಪ, ಪಕ್ಕದಲ್ಲಿ ಲೇಸರ್, ಮೇಲೆ ಇನ್ನೊಂದು ಪುಟ್ಟ ಸೈಟ್, ಎಲ್ಲ ಸೇರಿ ಒಂದು ಪ್ಯಾಕೇಜ್. ರೈಫಲ್ ಮೇಲೆ ಇಟ್ಟು ಕೈಗೆತ್ತಿಕೊಂಡರೆ ಮೂತಿ ನೆಲ ನೋಡುತ್ತಿತ್ತು. 25 ಮೀಟರಿನ ಗುರಿಗೆ 24 ಪಟ್ಟು ಹಿಗ್ಗಿಸುವ ಅಗತ್ಯವೇ ಇಲ್ಲ. ಅಷ್ಟು ಹಿಗ್ಗಿಸಿದರೆ ನಿಮ್ಮ ಎದೆಬಡಿತವೇ ಗುರಿಯ ಮೇಲೆ ಕುಣಿಯುತ್ತದೆ. ಮಾರ್ಚ್ ತಿಂಗಳ ನಮ್ಮ ಬಿಸಿಲಿನಲ್ಲಂತೂ ನೆಲದಿಂದೇಳುವ ಝಳಕ್ಕೆ ಗುರಿ ನೀರಿನೊಳಗೆ ಇದ್ದಂತೆ ಅಲ್ಲಾಡುತ್ತದೆ. ನಾನು ಈಗ ಹೊಡೆಯುವುದೆಲ್ಲ 6ರಿಂದ 8 ಪಟ್ಟಿನಲ್ಲೇ.

ಅಲ್ಲಿ ನಾನು ಪಟ್ಟು ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: ಪ್ಯಾರಲಾಕ್ಸ್ ಎಷ್ಟು ಹತ್ತಿರಕ್ಕೆ ಬರುತ್ತದೆ? ಗುರಿಯ ಬಿಂಬವೂ ಕ್ರಾಸ್‌ಹೇರೂ ಒಂದೇ ಸಮತಲದಲ್ಲಿ ಬೀಳದಿದ್ದಾಗ ಕಣ್ಣು ಸರಿದಂತೆ ಗುರಿ ಸರಿಯುತ್ತದೆ, ಅದೇ ಪ್ಯಾರಲಾಕ್ಸ್. ದೊಡ್ಡ ಬಂದೂಕಿನ ಸ್ಕೋಪುಗಳಲ್ಲಿ ಇದನ್ನು ಸಾಮಾನ್ಯವಾಗಿ 100 ಗಜಕ್ಕೆ ಕಾಯಂ ಮಾಡಿಬಿಟ್ಟಿರುತ್ತಾರೆ. ಮುಂಗಾಜು 40 ಮಿ.ಮೀ. ಇರುವ ಅಂಥ ಸ್ಕೋಪಿನಲ್ಲಿ 10 ಗಜದ ಗುರಿ ನೋಡಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ 18 ಮಿ.ಮೀ. ತನಕ ತಪ್ಪು ಬರಬಹುದು. ಚರೆಯ ಅಗಲವೇ 4.5 ಮಿ.ಮೀ. ಇರುವಾಗ 18 ಮಿ.ಮೀ. ಅಂದರೆ ಎಷ್ಟಾಯಿತು ನೋಡಿ. ಆದ್ದರಿಂದ ಏರ್‌ಗನ್‌ಗೆ ಎಒ ಇರುವ, ಅಂದರೆ ಮುಂಗಾಜಿನ ಬಳೆಯನ್ನು ತಿರುಗಿಸಿ 10 ಗಜದಿಂದ ಮೇಲಕ್ಕೆ ಹೊಂದಿಸಿಕೊಳ್ಳಬಹುದಾದ ಸ್ಕೋಪ್ ಬೇಕು. ಕೆಲವದರಲ್ಲಿ ಈ ಗುಂಡಿ ಎಡಪಕ್ಕದಲ್ಲಿರುತ್ತದೆ. ಕೆಲಸ ಅದೇ, ಬೆಲೆ ಹೆಚ್ಚು. ಅಂಗಡಿಯವರಿಗೆ ಪ್ರಶ್ನೆಯೇ ಹೊಸದು. "ಫೋಕಸ್ ಆಗುತ್ತೆ ಸಾರ್" ಅಂದರು. ಕಣ್ಣಿನ ಕಡೆಯ ಫೋಕಸ್ ರೆಟಿಕಲ್ ಗೆರೆಗಳನ್ನು ನಿಮ್ಮ ದೃಷ್ಟಿಗೆ ಸ್ಪಷ್ಟ ಮಾಡಲಿಕ್ಕೆ ಮಾತ್ರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬರಿಗೈಯಲ್ಲಿ ವಾಪಸಾದೆ.

ಕೊನೆಗೆ ಆನ್‌ಲೈನಿನಲ್ಲಿ ಆರಿಸಿದ್ದು ಸ್ಪ್ರಿಂಗ್ ರೈಫಲ್‌ಗೆ ತಾಳುತ್ತದೆ ಅಂತ ತಯಾರಕರೇ ಬರೆದುಕೊಟ್ಟ 4-12×40 ಎಒ ಸ್ಕೋಪ್, ಒಂದು ಇಂಚಿನ ಕೊಳವೆಯದು, ಗೆರೆಗಳ ಮೇಲೆ ಚುಕ್ಕೆಗಳಿರುವ ಮಿಲ್‌ಡಾಟ್ ರೆಟಿಕಲ್. ಸುಮಾರು ಹದಿಮೂರೂವರೆ ಸಾವಿರ. ಸ್ಪ್ರಿಂಗ್ ರೈಫಲ್‌ಗೆ ತಾಳುತ್ತದೆ ಅನ್ನುವ ವಾಕ್ಯ ವಿವರಣೆಯಲ್ಲಿ ಇಲ್ಲದಿದ್ದರೆ ಮಾರುವವರಿಗೆ ಪತ್ರ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ವಾರಂಟಿ ಕೇಳುವ ಹೊತ್ತಿಗೆ ಫೋನಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ.

ದುಡ್ಡು ಕಟ್ಟಿದ ಮೇಲೆ ಶುರುವಾಯಿತು ಕಾಯುವ ಕೆಲಸ. ಪಾರ್ಸೆಲ್ ಬೆಂಗಳೂರಿನ ತನಕ ಬಂದು ನಿಂತುಬಿಟ್ಟಿತು. ಸ್ಥಿತಿ ನೋಡಿದರೆ ದಿನವೂ ಅದೇ ಸಾಲು. ಕೊರಿಯರ್ ಕಚೇರಿಯಿಂದ ಫೋನ್ ಬಂದಾಗ ತಿಳಿಯಿತು, ಎಕ್ಸ್‌ರೇಯಲ್ಲಿ ಬಂದೂಕಿನ ಭಾಗದ ಹಾಗೆ ಕಂಡಿದೆಯಂತೆ. ಬಿಲ್ ಪ್ರತಿ, ಆಧಾರ್ ಪ್ರತಿ, ಇದು ಲೈಸೆನ್ಸ್ ಬೇಡದ ಏರ್ ರೈಫಲ್‌ಗೆ ಬಳಸುವ ದೂರದರ್ಶಕ ಮಾತ್ರ ಅಂತ ಸಹಿ ಮಾಡಿದ ಒಂದು ಪುಟ, ರೈಫಲ್ ಬಿಲ್ಲಿನ ಪ್ರತಿ, ಎಲ್ಲ ಕಳಿಸಿದೆ. ಬಿಟ್ಟರು. ಆರ್ಡರ್ ಮಾಡುವಾಗಲೇ ಬಿಲ್ಲಿನಲ್ಲಿ "ಏರ್ ರೈಫಲ್ ಸ್ಕೋಪ್" ಎಂದು ಸ್ಪಷ್ಟವಾಗಿ ಬರೆಯಿರಿ, ಬಿಲ್ಲನ್ನು ಪೆಟ್ಟಿಗೆಯ ಹೊರಗೆ ಅಂಟಿಸಿ ಅಂತ ಕೇಳಿಕೊಳ್ಳಿ. ಎರಡನೇ ಸಲ ಮೌಂಟ್ ತರಿಸುವಾಗ ನಾನು ಹೀಗೆ ಮಾಡಿಸಿದೆ, ಎಲ್ಲೂ ನಿಲ್ಲದೆ ಬಂತು.

ಈಗ ಮೌಂಟಿನ ವಿಷಯ. ಇಡೀ ಕಥೆಯಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸ್ಕೋಪಿಗೆ ಖರ್ಚು ಮಾಡುವ ಉತ್ಸಾಹದಲ್ಲಿ ಎಲ್ಲರೂ ಮೌಂಟನ್ನು ಕಡೆಗಣಿಸುತ್ತಾರೆ. ರೈಫಲ್ ಮೇಲಿನ ಹಳಿ ಎರಡು ಬಗೆ. ಏರ್‌ಗನ್‌ಗಳಲ್ಲಿ ಹೆಚ್ಚಾಗಿ ಇರುವುದು 11 ಮಿ.ಮೀ. ಡವ್‌ಟೇಲ್, ಅಂದರೆ ಉದ್ದಕ್ಕೂ ಕೊರೆದ ಎರಡು ಗೀರು. ಇನ್ನೊಂದು 20 ಮಿ.ಮೀ. ಪಿಕಾಟಿನಿ, ಅಡ್ಡಡ್ಡ ಹಲ್ಲುಗಳಿರುವುದು. ಒಂದರ ಮೌಂಟ್ ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮೂರ ಲೇಥ್ ವರ್ಕ್‌ಶಾಪಿನಲ್ಲಿ ವರ್ನಿಯರ್ ಹಿಡಿದು ಅಳೆಸಿದೆ, ನನ್ನದು 11 ಮಿ.ಮೀ. ಹಳಿಯ ಹಿಂಭಾಗದಲ್ಲಿ ಸಣ್ಣ ತೂತುಗಳಿವೆ. ಅವು ಅಲಂಕಾರಕ್ಕಲ್ಲ. ರೈಫಲ್ ಮುಂದಕ್ಕೆ ಜಿಗಿದಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಹಾಗಾಗಿ ಪ್ರತಿ ಏಟಿಗೂ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಮೌಂಟಿನ ಹೊಟ್ಟೆಯಿಂದ ಕೆಳಗಿಳಿಯುವ ಸ್ಟಾಪ್ ಪಿನ್ ಆ ತೂತಿನಲ್ಲಿ ಕೂತರೆ ಸರಿಯಲು ದಾರಿ ಇರುವುದಿಲ್ಲ. ಪಿನ್ ಇಲ್ಲದ ಮೌಂಟನ್ನು ಸ್ಪ್ರಿಂಗ್ ರೈಫಲ್‌ಗೆ ತರಿಸಲೇಬೇಡಿ.

ಪಿನ್ ಇರುವ ಮೌಂಟ್ ಹಾಕಿ ಸ್ಕೋಪ್ ಕೂರಿಸಿದೆ. ಎಲ್ಲ ಸರಿಹೋಯಿತು ಅಂದುಕೊಂಡು 25 ಮೀಟರಿಗೆ ಹೊಡೆದರೆ ಚರೆಗಳೆಲ್ಲ ಗುರಿಯಿಂದ 15 ಸೆಂ.ಮೀ. ಕೆಳಗೆ! ಸ್ಕೋಪಿನ ಮೇಲಿನ ಟರೆಟ್, ಅಂದರೆ ಗುರಿಯನ್ನು ಏರಿಳಿಸುವ ಗುಂಡಿ, ತಿರುಗಿಸುತ್ತಾ ಹೋದೆ. ಗುರಿಗೆ ಬಂತು, ಆದರೆ ಟರೆಟ್ ತನ್ನ ಕೊನೆಯ ಸುತ್ತಿನ ಹತ್ತಿರ ಬಂದಿತ್ತು. ಆ ತುದಿಯಲ್ಲಿ ಸ್ಕೋಪಿನ ಒಳಗೊಳವೆಯನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಸಡಿಲವಾಗುವುದರಿಂದ ಪ್ರತಿ ಏಟಿಗೂ ಗುರಿ ಬೇರೆ ಕಡೆ. ಅಷ್ಟು ದುಡ್ಡು ಸುರಿದ ಮೇಲೆ ಹೀಗಾದಾಗ ರೈಫಲನ್ನೇ ಮಾರಿಬಿಡೋಣ ಅನ್ನಿಸಿತ್ತು.

ಸ್ಕೋಪಿನಲ್ಲಿ ಯಾವ ದೋಷವೂ ಇರಲಿಲ್ಲ. ಬ್ರೇಕ್ ಬ್ಯಾರೆಲ್ ರೈಫಲ್‌ಗಳಲ್ಲಿ ನಳಿಗೆ ಮಡಚುವ ಜಾಗದಲ್ಲಿ ಒಂದಿಷ್ಟು ತಗ್ಗಿಕೊಂಡಿರುವುದು ಬಹಳ ಸಾಮಾನ್ಯ. ಕಬ್ಬಿಣದ ಸೈಟಿನಲ್ಲಿ ಹೊಡೆಯುವಾಗ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸೈಟುಗಳು ನಳಿಗೆಯ ಮೇಲೇ ಇರುತ್ತವೆ. ಸ್ಕೋಪ್ ಕೂರುವುದು ಹಿಂದಿನ ಕೊಳವೆಯ ಮೇಲೆ, ಹಾಗಾಗಿ ಎರಡೂ ಬೇರೆಬೇರೆ ದಿಕ್ಕು ನೋಡುತ್ತವೆ. ಇದಕ್ಕೆ ಡ್ರೂಪ್ ಮೌಂಟ್ ಸಿಗುತ್ತದೆ, ಹಿಂಬದಿ ತುಸು ಎತ್ತರ ಇರುವುದು. ಎಷ್ಟು ಎತ್ತರ ಬೇಕು ಅನ್ನುವ ಲೆಕ್ಕ ಸುಲಭ. 25 ಮೀಟರಿಗೆ 15 ಸೆಂ.ಮೀ. ಅಂದರೆ ಮೀಟರಿಗೆ 6 ಮಿ.ಮೀ. ಸ್ಕೋಪಿನ ಕೊಳವೆಯನ್ನು ಹಿಡಿಯುವ ಮೌಂಟಿನ ಎರಡು ರಿಂಗುಗಳ ನಡುವೆ 10 ಸೆಂ.ಮೀ. ಅಂತರ ಇದ್ದರೆ ಹಿಂದಿನದು 0.6 ಮಿ.ಮೀ. ಎತ್ತರ ಇರಬೇಕು. ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಲೆಕ್ಕದಲ್ಲಿ ಸುಮಾರು 20. ಹಿಂದಿನ ರಿಂಗಿನ ಕೆಳಗೆ ಹಳೇ ಫಿಲ್ಮ್ ತುಂಡು ಇಟ್ಟು ಎತ್ತರಿಸುವ ಉಪಾಯವನ್ನು ಹಲವರು ಹೇಳಿದರು. ತೆಳುವಾದ ಒಂದು ಪದರ ಆದೀತು, 0.6 ಮಿ.ಮೀ. ತುಂಬಿಸಿದರೆ ರಿಂಗುಗಳು ಕೊಳವೆಯನ್ನು ಬಾಗಿಸಿ ಹಿಂಡುತ್ತವೆ. ನಾನು ಒಂದೇ ತುಂಡಿನ 20 ಎಂಒಎ ಡ್ರೂಪ್ ಮೌಂಟ್ ತರಿಸಿದೆ, ಮೂರು ಸಾವಿರದ ಚಿಲ್ಲರೆ. ಸ್ಕೋಪ್ ಆರ್ಡರ್ ಮಾಡುವ ಮೊದಲೇ ನಿಮ್ಮದೇ ಮಾದರಿಯ ರೈಫಲ್ ಇರುವವರನ್ನು ಇದೊಂದು ಪ್ರಶ್ನೆ ಕೇಳಿಬಿಡಿ.

ಕೂರಿಸುವ ಕೆಲಸಕ್ಕೆ ಒಂದಿಡೀ ಭಾನುವಾರ ಕೊಟ್ಟೆ. ಮೊದಲು ಹಳಿಯನ್ನೂ ಮೌಂಟಿನ ಕಚ್ಚುವ ಜಾಗವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಎಣ್ಣೆಯ ಪಸೆ ತೆಗೆದೆ. ಕೆನ್ನೆ ಒರಗಿಸಿ ಕಣ್ಣು ಮುಚ್ಚಿ, ತೆರೆದಾಗ ಪೂರ್ತಿ ವೃತ್ತ ಕಾಣುವಲ್ಲಿಗೆ ಸ್ಕೋಪನ್ನು ಹಿಂದೆಮುಂದೆ ಸರಿಸಿದೆ. ಕಣ್ಣಿನಿಂದ ಸುಮಾರು 9 ಸೆಂ.ಮೀ. ಬಂತು. ಕ್ರಾಸ್‌ಹೇರ್ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರಿಂದ ತೂಗುಗುಂಡು ತಂದು, ಬಿಳಿ ದಾರ ಕಟ್ಟಿ ಗುರಿಹಲಗೆಯ ಮುಂದೆ ಇಳಿಬಿಟ್ಟೆ. ರೈಫಲ್ ಮೇಲೊಂದು ಸಣ್ಣ ಮಟ್ಟಗೋಲು ಇಟ್ಟುಕೊಂಡು, ಗಾಳಿ ನಿಂತು ದಾರ ಅಲುಗಾಡದೆ ನಿಂತ ಹೊತ್ತಿಗೆ ಸ್ಕೋಪನ್ನು ತಿರುಗಿಸಿ ನಿಲುಗೆರೆಯನ್ನು ದಾರದ ಮೇಲೆ ಸರಿಯಾಗಿ ಕೂರಿಸಿದೆ. ಆಮೇಲೆ ರಿಂಗಿನ ಸ್ಕ್ರೂಗಳು. ಎದುರುಬದುರು ಮೂಲೆಗಳಲ್ಲಿ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಸಬೇಕು. ಸುಮಾರು 2 ನ್ಯೂಟನ್ ಮೀಟರ್ ದಾಟಬಾರದು, ದಾಟಿದರೆ ಕೊಳವೆ ಜಜ್ಜುತ್ತದೆ. ಟಾರ್ಕ್ ವ್ರೆಂಚ್ ಸಿಕ್ಕಿದ್ದು ಮೈಸೂರಿನಲ್ಲಿ ದುಬಾರಿ ಕಾರ್ಬನ್ ಸೈಕಲ್ ರಿಪೇರಿ ಮಾಡುವವರ ಹತ್ತಿರ. ಅವರಿಗೂ ಇದೇ ಸಣ್ಣ ಅಳತೆ ಬೇಕಾಗುತ್ತದೆ. ಎರಡು ದಿನಕ್ಕೆ ಪ್ರೀತಿಯಿಂದ ಕೊಟ್ಟರು. ಮರದ ಹಿಡಿಯ ಸ್ಕ್ರೂಗಳು ಸ್ಪ್ರಿಂಗ್ ಅದಿರಿಗೆ ಸಡಿಲವಾಗುತ್ತಲೇ ಇರುತ್ತವೆ. ಅವಕ್ಕೆ ಮಾತ್ರ ಬೈಕ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿದೆ.

ಝೀರೋ ಮಾಡುವಾಗ, ಅಂದರೆ ಕ್ರಾಸ್‌ಹೇರ್ ಇಟ್ಟಲ್ಲೇ ಚರೆ ಬೀಳುವಂತೆ ಸರಿಮಾಡುವಾಗ, ಮೊದಲು 10 ಮೀಟರ್, ಆಮೇಲೆ 25. ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂ.ಮೀ. ಮೇಲಿರುವುದರಿಂದ, 25ಕ್ಕೆ ಸರಿಮಾಡಿದ ರೈಫಲ್ 10 ಮೀಟರಿನಲ್ಲಿ ಒಂದು ಸೆಂ.ಮೀ.ನಷ್ಟು ಕೆಳಗೆ ಹೊಡೆಯುತ್ತದೆ, ಗಾಬರಿ ಬೇಡ. ಟರೆಟ್ ಮೇಲೆ 1/4 ಎಂಒಎ ಅಂತ ಬರೆದಿದ್ದರೆ ಒಂದು ಕ್ಲಿಕ್‌ಗೆ 100 ಮೀಟರಿನಲ್ಲಿ 7 ಮಿ.ಮೀ., 25 ಮೀಟರಿನಲ್ಲಿ 1.8 ಮಿ.ಮೀ. ಚರೆ 36 ಮಿ.ಮೀ. ಎಡಕ್ಕೆ ಬಿದ್ದಿದ್ದರೆ ಬಲಕ್ಕೆ 20 ಕ್ಲಿಕ್. ಒಂದೇ ಏಟು ನೋಡಿ ತಿರುಗಿಸಬೇಡಿ. ಐದು ಹೊಡೆದು ಅವುಗಳ ನಡುಬಿಂದು ನೋಡಿ. ಚರೆಯಲ್ಲೂ ಆಯ್ಕೆ ಇದೆ. ಜರ್ಮನಿಯ ಎಚ್ ಅಂಡ್ ಎನ್, ಜೆಕ್ ದೇಶದ ಜೆಎಸ್‌ಬಿ, ನಮ್ಮಲ್ಲೇ ತಯಾರಾದ ಒಂದು, ಮೂರೂ ತಂದು ಹೊಡೆದೆ. ನನ್ನ ನಳಿಗೆಗೆ ಹಿಡಿಸಿದ್ದು ಜೆಎಸ್‌ಬಿಯ 8.44 ಗ್ರೇನ್. ಅಗ್ಗದ ಚರೆಗೂ ಅದಕ್ಕೂ ಗುಂಪಿನ ಅಗಲದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ನಿಮ್ಮ ನಳಿಗೆಗೆ ಬೇರೆಯದು ಹಿಡಿಸಬಹುದು, ಗೆಳೆಯರ ಹತ್ತಿರ ಹತ್ತಿಪ್ಪತ್ತು ಚರೆ ಬದಲಿ ಮಾಡಿಕೊಂಡು ನೋಡಿ.

ಉಳಿದ ಸಾಮಾನುಗಳಲ್ಲಿ ಬೈಪಾಡ್ ಕೊಳ್ಳಿ ಅಂತ ಎಲ್ಲ ಕಡೆ ಒತ್ತಾಯ. ಸ್ಪ್ರಿಂಗ್ ರೈಫಲ್‌ಗೆ ಅದು ಬೇಡ. ಗಟ್ಟಿ ಆಸರೆಯ ಮೇಲಿಟ್ಟರೆ ಒದೆತಕ್ಕೆ ರೈಫಲ್ ಪುಟಿದು ಗುರಿ ಚದುರುತ್ತದೆ. ಅಂಗೈ ಮೇಲೆ ಸಡಿಲವಾಗಿ ಇರಿಸಿಕೊಂಡು, ಅದು ತನ್ನ ಪಾಡಿಗೆ ಹಿಂದೆಮುಂದೆ ಹೋಗಲು ಬಿಡಬೇಕು. ನನ್ನ ಹೆಂಡತಿ ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಹುರುಳಿ ತುಂಬಿ ಒಂದು ಚೀಲ ಹೊಲಿದುಕೊಟ್ಟಳು. ಅದರ ಮೇಲೆ ಕೈ, ಕೈ ಮೇಲೆ ರೈಫಲ್. ಕನ್ನಡಕ ಮಾತ್ರ ಬಿಡಬೇಡಿ, ಸೀಸದ ಚರೆ ಗಟ್ಟಿ ಜಾಗಕ್ಕೆ ಬಡಿದರೆ ನೇರ ವಾಪಸ್ ಬರುತ್ತದೆ. ನಳಿಗೆ ಒರೆಸಲು ದಾರದ ಪುಲ್‌ಥ್ರೂ ಸಾಕು. ಸಿಲಿಂಡರಿಗೆ ಎಣ್ಣೆ ಬಿಟ್ಟರೆ ಒತ್ತಡಕ್ಕೆ ಅದೇ ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ. ಚರೆ ಇಲ್ಲದೆ ಟ್ರಿಗರ್ ಎಳೆಯಬಾರದು. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಸದ್ದಡಗಿಸುವ ಸಾಮಾನು ತೋರಿಸಿದರೆ ಮುಟ್ಟಬೇಡಿ. ಬಂದೂಕಿನ ಸದ್ದು ಕುಗ್ಗಿಸುವ ಉಪಕರಣಗಳು 2016ರ ನಿಯಮಗಳಲ್ಲಿ ನಿಷೇಧಿತ ವರ್ಗದಲ್ಲಿವೆ.

ನಮ್ಮ ಹುಡುಗರು ಸ್ಕೋಪ್ ನೋಡಿದ ಕೂಡಲೇ ಕೇಳಿದ್ದು "ಕೊಕ್ಕರೆಗೆ ಎಟುಕುತ್ತಾ?" ಅಂತ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಜನ ತಮ್ಮ ಹಿತ್ತಲ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಮಕ್ಕಳಂತೆ ಕಾಪಾಡಿಕೊಂಡು ಬಂದಿರುವ ಜಿಲ್ಲೆ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಕಾಗೆಗೂ ರಕ್ಷಣೆ ಇದೆ. ಲೈಸೆನ್ಸ್ ಬೇಡದ ರೈಫಲ್ ಅಂದ ಮಾತ್ರಕ್ಕೆ ಹಕ್ಕಿ ಹೊಡೆಯಲು ಅನುಮತಿ ಸಿಕ್ಕಂತಲ್ಲ. ಕಾಗದ, ತಗಡಿನ ಡಬ್ಬಿ, ತಿರುಗುವ ಲೋಹದ ಗುರಿ, ಇಷ್ಟಕ್ಕೆ ಮಾತ್ರ ಈ ರೈಫಲ್ ಅಂತ ಅವರನ್ನು ಕೂರಿಸಿಕೊಂಡು ಹೇಳಿದೆ. ಅಕ್ಕಪಕ್ಕದ ಗದ್ದೆಯವರಿಗೂ ಯಾವ ಹೊತ್ತಿನಲ್ಲಿ ಹೊಡೆಯುತ್ತೇನೆ ಅಂತ ಮೊದಲೇ ತಿಳಿಸುತ್ತೇನೆ.

ಮಗನೋ ಮಗಳೋ ಸ್ಪರ್ಧೆಗೆ ಹೋಗಲಿ ಅನ್ನುವ ಆಸೆಯಿಂದ ಕೊಳ್ಳುವವರಿಗೆ ಒಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಬಳಸುವುದು ಸಣ್ಣ ರಂಧ್ರದ ಪೀಪ್ ಸೈಟ್. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಅಂಥ ಪೋಷಕರು ಸ್ಕೋಪಿಗೆ ಹಾಕುವ ದುಡ್ಡನ್ನು ತರಬೇತಿಗೆ ಹಾಕಲಿ.

ನನ್ನ ಖರ್ಚು ಹೀಗಿದೆ: ರೈಫಲ್ ಹದಿನೆಂಟು ಸಾವಿರದ ಆಸುಪಾಸು, ಸ್ಕೋಪ್ ಹದಿಮೂರೂವರೆ, ಮೊದಲ ಮೌಂಟ್ ಎರಡು ಸಾವಿರದೊಳಗೆ, ಡ್ರೂಪ್ ಮೌಂಟ್ ಮೂರು ಚಿಲ್ಲರೆ, ಚೀಲ, ಕನ್ನಡಕ, ಚರೆ ಎಲ್ಲ ಸೇರಿ ಇನ್ನೊಂದು ಐದು. ಮೊದಲ ಮೌಂಟ್ ಈಗ ಪಾಂಡವಪುರದ ಗೆಳೆಯನ ರೈಫಲ್ ಮೇಲಿದೆ, ಅವನ ನಳಿಗೆ ನೆಟ್ಟಗಿದೆ. ಮಳೆಗಾಲಕ್ಕೆ ಮುಂಚೆ ಸ್ಕೋಪಿನ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮೌಂಟಿನ ಹಿಂಬದಿಗೆ ಹಳಿಯ ಮೇಲೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದುಕೊಳ್ಳಿ. ಸ್ಕೋಪ್ ಸರಿದಿದೆಯೋ ಇಲ್ಲವೋ ಪ್ರತಿ ಸಲ ಹೊಡೆಯುವ ಮೊದಲು ಆ ಗೆರೆ ನೋಡಿದರೆ ತಿಳಿಯುತ್ತದೆ.